ತೇದಿಯಿಲ್ಲದ ಶಾಸನಗಳು: ಶಿಲಾಸ್ತರಗಳ ಕಾಲನಿರ್ಣಯದಲ್ಲಿ ಪಳೆಯುಳಿಕೆಗಳು

ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವು ಕನ್ನಡದ ಪ್ರಾಚೀನತೆಯನ್ನು ಸಾರುವ ಮುಖ್ಯ ಸಾಧನಗಳಲ್ಲಿ ಒಂದೆಂಬುದು ವಾಚಕರೆಲ್ಲರಿಗೂ ವಿದಿತವಾದ ಸಂಗತಿ. ಆದರೆ ಆ ಶಾಸನದಲ್ಲಿ ತೇದಿಯಿಲ್ಲವೆಂಬುದನ್ನು ನಾವು ಎಷ್ಟೋ ವೇಳೆ ಮರೆತುಬಿಡುತ್ತೇವೆ. ಶಕವರ್ಷವಾಗಲಿ ಸಂವತ್ಸರದ ಹೆಸರಾಗಲಿ ಅದರಲ್ಲಿ ಕೆತ್ತಲ್ಪಟ್ಟಿಲ್ಲ. ಆದಾಗ್ಯೂ ವಿದ್ವಾಂಸರು ಅದನ್ನು ಸುಮಾರು ಕ್ರಿ.ಶ. 450ರದೆಂದು ಗಣಿಸಿದ್ದಾರೆ. ಅಕ್ಷರಗಳ ಆಕಾರ, ಶಬ್ದಗಳ ರೂಪ, ಅದರಲ್ಲಿ ಬರುವ ಕದಂಬ ಕಾಕುಸ್ಥನ ಹೆಸರು ಇವುಗಳನ್ನು ಕಾಲವು ನಿಶ್ಚಿತವಾಗಿ ತಿಳಿದಿರುವ ಇತರ ಶಾಸನಗಳೊಡನೆ ಹೋಲಿಸಿ ಈ ನಿರ್ಣಯಕ್ಕೆ ಬಂದಿದ್ದಾರೆ. ಬಾದಾಮಿಯ ವೈಷ್ಣವ ಗುಹೆಯಲ್ಲಿರುವ ಮಂಗಲೇಶನ ಶಾಸನದಲ್ಲಿ ಶಕವರ್ಷ 500 ಎಂದು, ಅಂದರೆ ಕ್ರಿ.ಶ. 578 ಎಂದು, ಸ್ಪಷ್ಟವಾಗಿ ಹೇಳಿದೆ. ಅಂತಹ ಒಂದೊಂದು ನಿಶ್ಚಿತ ತೇದಿಯೂ ಸುತ್ತಲಿನ ಹತ್ತಾರು ತೇದಿಯಿಲ್ಲದ ಶಾಸನಗಳಿಗೆ ಆಧಾರಸ್ತಂಭವಾಗಿ ನಿಲ್ಲುತ್ತದೆ.

ಭೂವಿಜ್ಞಾನಿಯ ಎದುರಿಗಿರುವ ಶಿಲಾಸ್ತರಗಳೂ ಇಂತಹ ತೇದಿಯಿಲ್ಲದ ಶಾಸನಗಳೇ ಆಗಿವೆ. ಅವುಗಳಲ್ಲಿ ಹುದುಗಿರುವ ಚಿಪ್ಪು, ಮೂಳೆ, ಹಲ್ಲು, ಎಲೆಯ ಅಚ್ಚು, ಕಾಯಿ, ಬೀಜ ಇವೇ ಆತನು ಓದಬೇಕಾದ ಅಕ್ಷರಗಳು. ಪ್ರಕೃತ ಲೇಖಕನು ವಿಜ್ಞಾನಿಯಲ್ಲ. ವ್ಯಾಕರಣ, ಛಂದಸ್ಸು, ಹಳಗನ್ನಡ ಕಾವ್ಯ ಇವುಗಳಲ್ಲಿ ಕಾಲ ಕಳೆದವನು. ಆದರೂ ಈ ವಿಷಯವನ್ನು ಕುರಿತು ಬರೆಯುವ ಸಾಹಸಕ್ಕೆ ಕೈಹಾಕಿದುದಕ್ಕೆ ಕಾರಣವುಂಟು. ಭೂವಿಜ್ಞಾನಿಯು ಅನುಸರಿಸುವ ಕ್ರಮವು ಶಾಸನ ಮತ್ತು ಓಲೆಗರಿಗಳ ಕಾಲವನ್ನು ನಿರ್ಣಯಿಸುವವನ ಕ್ರಮಕ್ಕೆ ಅತಿ ಸಮೀಪವಾದುದು; ಅವನ ಗುಣಗಳೂ ಅವನು ಬೀಳಬಹುದಾದ ಹೊಂಡಗಳೂ ನಮ್ಮವೇ.

'ಪಳೆಯುಳಿಕೆ' ಎಂಬ ಶಬ್ದವನ್ನೇ ನೋಡೋಣ. 'ಪೞೆಯ' ಎಂಬ ಹಳಗನ್ನಡದ ರೂಪವು ಕಾಲಕ್ರಮದಲ್ಲಿ ರಳವನ್ನು ಕಳೆದುಕೊಂಡು, ಆದಿಯ ಪಕಾರವು ಹಕಾರವಾಗಿ, ಇಂದಿನ 'ಹಳೆಯ' ಎಂಬ ರೂಪವನ್ನು ತಾಳಿದೆ. ಕವಿರಾಜಮಾರ್ಗದಲ್ಲಿ 'ಪೞಗನ್ನಡ' ಎಂದಿರುವುದನ್ನು ಬಲ್ಲವರು ಬಲ್ಲರು. ವಿಜ್ಞಾನಕ್ಕಾಗಿ ಈಚೆಗೆ ಟಂಕಿಸಿದ 'ಪಳೆಯುಳಿಕೆ' ಎಂಬ ಪದದಲ್ಲಿ ಆ ಹಳೆಯ ಪಕಾರವು ಹಾಗೆಯೇ ಉಳಿದಿದೆ. ಸಂಸ್ಕೃತಪ್ರಿಯರು ಇದನ್ನು 'ಜೀವಾವಶೇಷ' ಎನ್ನುವರು. ಕೇವಲ ಪಕಾರವನ್ನು ಕಂಡು ಈ ಶಬ್ದವನ್ನು ಹತ್ತನೆಯ ಶತಮಾನದ್ದೆಂದು ಯಾರಾದರೂ ಹೇಳಿದರೆ ಮೋಸಹೋದಂತೆಯೇ ಸರಿ. ಈ ಬಗೆಯ ಮೋಸವು ಶಿಲೆಗಳ ಲೋಕದಲ್ಲಿಯೂ ಉಂಟು. ಅದನ್ನು ಮುಂದೆ ಹೇಳುತ್ತೇನೆ.

ನಮ್ಮ ದೀಪಾಂಜಲಿ ನಗರದ ನೆಲವನ್ನು ಅಗೆದರೆ ಕೆಮ್ಮಣ್ಣೂ ಅದರಡಿಯಲ್ಲಿ ಶಿಥಿಲವಾದ ಕಲ್ಲೂ ಮತ್ತೂ ಕೆಳಗೆ ಬೂದುಬಣ್ಣದ ಗಟ್ಟಿಬಂಡೆಯೂ ಸಿಕ್ಕುತ್ತವೆ. ಕೊಳವೆಬಾವಿ ಕೊರೆಸಿದವರು ಆ ಬಂಡೆಯ ಪುಡಿಯನ್ನು ಬೇಕಾದಷ್ಟು ಕಂಡಿರುತ್ತಾರೆ. ಈ ಬಂಡೆಯೇ ಲಾಲ್‌ಬಾಗಿನಲ್ಲಿ ಕೆಂಪೇಗೌಡನ ಗೋಪುರದ ಅಡಿಯಲ್ಲಿ ಬೃಹದಾಕಾರವಾಗಿ ತೆರೆದುಕೊಂಡಿದೆ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿದ್ದ ಡಬ್ಲ್ಯು.ಎಫ್. ಸ್ಮೀತ್ ಅವರು 1916ರಲ್ಲಿ ಇದಕ್ಕೆ 'ಪೆನಿನ್ಸುಲರ್ ನೈಸ್' ಎಂದು ನಾಮಕರಣ ಮಾಡಿದರು. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಭೂಗರ್ಭದ ಆಳದಲ್ಲಿ ಬೆಂದು, ಒತ್ತಡದಲ್ಲಿ ನಲುಗಿ, ಮಡಿಕೆ ಮಡಿಕೆಯಾಗಿ ಗಟ್ಟಿಗೊಂಡ ಇಂತಹ ಶಿಲೆಯಲ್ಲಿ ಯಾವ ಜೀವಿಯ ಗುರುತೂ ಉಳಿಯಲಾರದು. ಇದು ಅಕ್ಷರವನ್ನೇ ಕೆತ್ತದ ಕಲ್ಲು. ಆದುದರಿಂದ ಬೆಂಗಳೂರಿನವರು ಈ ಲಿಪಿಯನ್ನು ಓದಬೇಕಾದರೆ ಊರು ಬಿಟ್ಟು ಹೊರಡಬೇಕು.

ಚಿತ್ರದುರ್ಗದ ಶಿಲಾಪಟ್ಟಿಯ ಸುಣ್ಣಕಲ್ಲಿನಲ್ಲಿಯೂ ಬಾಗಲಕೋಟೆ ಸೀಮೆಯ ಕಲಾದಗಿ ಶಿಲೆಗಳಲ್ಲಿಯೂ ಜೀವದ ಮೊದಲ ಗುರುತುಗಳುಂಟು. ಆಳವಿಲ್ಲದ ನೀರಿನಲ್ಲಿ ಪಾಚಿಯನ್ನು ಹೋಲುವ ಸೂಕ್ಷ್ಮಜೀವಿಗಳು ಹಾಸುಹಾಸಾಗಿ ಬೆಳೆದು, ಸುಣ್ಣದ ಕೆಸರನ್ನು ಹಿಡಿದಿಟ್ಟುಕೊಂಡು, ಗುಮ್ಮಟದಂತೆ ಪದರ ಕಟ್ಟಿದ ಇವನ್ನು ಸ್ಟ್ರೊಮಟೊಲೈಟ್ ಎನ್ನುವರು. ನೋಡಲು ಬಹು ಸುಂದರ. ಆದರೆ ಕಾಲನಿರ್ಣಯಕ್ಕೆ ಇವುಗಳ ಸಾಕ್ಷ್ಯವು ದುರ್ಬಲ. ನೂರಾರು ಕೋಟಿ ವರ್ಷಗಳುದ್ದಕ್ಕೂ ಇವುಗಳ ರೂಪವು ಅಷ್ಟಾಗಿ ಬದಲಾಗದಿರುವುದೇ ಅದಕ್ಕೆ ಕಾರಣ. 'ನೀರ್', 'ಕಲ್', 'ಕಣ್' ಎಂಬ ಶಬ್ದಗಳು ಎಲ್ಲ ಕಾಲದ ಕನ್ನಡದಲ್ಲಿಯೂ ಇವೆ. ಅವು ಇದ್ದ ಮಾತ್ರಕ್ಕೆ ಒಂದು ಪದ್ಯದ ಕಾಲವು ತಿಳಿಯುವುದೇ? ಕಾಲವನ್ನು ಹೇಳುವುದು ಬೇಗ ಹುಟ್ಟಿ ಬೇಗ ಅಳಿದ ರೂಪ. ರಳವು ಹಾಗೆ ಅಳಿದುಹೋದ ಅಕ್ಷರ. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ತನ್ನ ಶಬ್ದಮಣಿದರ್ಪಣದಲ್ಲಿ ರಳವಿರುವ ಶಬ್ದಗಳ ಪಟ್ಟಿಯನ್ನೇ ಕೊಟ್ಟಿರುವುದನ್ನು ನೋಡಿದರೆ ಆ ವೇಳೆಗಾಗಲೇ ಅದರ ವಿಷಯದಲ್ಲಿ ಗೊಂದಲವು ಹುಟ್ಟಿತ್ತೆಂದು ಊಹಿಸಬಹುದು.

ಶಿಲಾಸ್ತರಗಳ ಕ್ರಮವನ್ನು ಓದುವ ವಿದ್ಯೆಗೆ ಮೊದಲ ಸೂತ್ರವನ್ನು ಹಾಕಿದವನು ಡೆನ್ಮಾರ್ಕಿನ ಸ್ಟೆನೊ, 1669ರಲ್ಲಿ. ಕೆಸರು ನೀರಿನ ತಳದಲ್ಲಿ ತಂಗುವಾಗ ಮೊದಲು ತಂಗಿದುದು ಕೆಳಗೆ, ಆಮೇಲೆ ತಂಗಿದುದು ಮೇಲೆ. ಆದುದರಿಂದ ಕದಡದೆ ಉಳಿದ ಸ್ತರಗಳಲ್ಲಿ ಕೆಳಗಿನದು ಹಿರಿದು, ಮೇಲಿನದು ಕಿರಿದು. ಇದು ಹೇಳಬೇಕಾದ ಮಾತೇ ಅಲ್ಲವೆಂದು ತೋರಬಹುದು. ಆದರೆ ಈ ಸೂತ್ರವೊಂದರಿಂದಲೇ ಕೆಲಸ ಸಾಗದು. ಒಂದು ಬೆಟ್ಟದ ಸ್ತರಗಳ ಹಿರಿಕಿರಿತನ ಇದರಿಂದ ತಿಳಿಯಿತು. ನೂರು ಹರದಾರಿ ದೂರದ ಇನ್ನೊಂದು ಬೆಟ್ಟದ ಯಾವ ಸ್ತರವು ಇಲ್ಲಿಯ ಯಾವ ಸ್ತರಕ್ಕೆ ಸಮಕಾಲೀನವೆಂಬುದು ತಿಳಿಯುವುದು ಹೇಗೆ? ಕಲ್ಲಿನ ಬಣ್ಣ ಗುಣಗಳನ್ನು ನಂಬುವಂತಿಲ್ಲ. ಮರಳುಗಲ್ಲು ಎಲ್ಲ ಕಾಲದಲ್ಲಿಯೂ ಆಗಿದೆ, ಸುಣ್ಣಕಲ್ಲೂ ಆಗಿದೆ.

ಈ ಗಂಟನ್ನು ಬಿಡಿಸಿದವನು ಇಂಗ್ಲೆಂಡಿನ ವಿಲಿಯಂ ಸ್ಮಿತ್ (1769–1839). ಕಮ್ಮಾರನ ಮಗ, ಕಾಲುವೆಗಳನ್ನು ತೋಡಿಸುವ ಮೋಜಣಿದಾರನಾಗಿ ಊರೂರು ಅಲೆದವನು. ತೋಡಿದ ಕಾಲುವೆಯ ಪಕ್ಕಗಳಲ್ಲಿ ಕಾಣುವ ಪದರಗಳನ್ನು ವರ್ಷಗಟ್ಟಲೆ ನೋಡುತ್ತ ಆತನು ಒಂದು ಸಂಗತಿಯನ್ನು ಕಂಡುಕೊಂಡನು: ಒಂದೊಂದು ಪದರಕ್ಕೂ ಅದರದೇ ಆದ ಚಿಪ್ಪುಗಳ ಸಮುದಾಯವಿದೆ, ಯಾವ ಊರಿಗೆ ಹೋದರೂ ಆ ಸಮುದಾಯಗಳು ಒಂದರ ಮೇಲೊಂದು ಅದೇ ಅನುಕ್ರಮದಲ್ಲಿಯೇ ಬರುತ್ತವೆ. ಈ ತಿಳಿವಳಿಕೆಯ ಬಲದಿಂದ 1815ರಲ್ಲಿ ಇಂಗ್ಲೆಂಡ್, ವೇಲ್ಸ್ ಮತ್ತು ಸ್ಕಾಟ್ಲೆಂಡಿನ ಒಂದು ಭಾಗದ ಭೂಪಟವನ್ನು ಆತನು ಪ್ರಕಟಿಸಿದನು.

ಜಾಣರಾದ ವಿದ್ಯಾರ್ಥಿಗಳು ಇಲ್ಲಿ ಒಂದು ಆಕ್ಷೇಪವನ್ನು ಎತ್ತುವುದುಂಟು. ಪಳೆಯುಳಿಕೆಯಿಂದ ಶಿಲೆಯ ಕಾಲವನ್ನೂ ಶಿಲೆಯಿಂದ ಪಳೆಯುಳಿಕೆಯ ಕಾಲವನ್ನೂ ಹೇಳುವುದು ತರ್ಕಶಾಸ್ತ್ರದಲ್ಲಿ ಹೇಳುವ ಅನ್ಯೋನ್ಯಾಶ್ರಯ ದೋಷವಲ್ಲವೆ, ಎಂದು. ಆಕ್ಷೇಪವು ಯೋಗ್ಯವಾದುದು, ಅದಕ್ಕೆ ಸಮಾಧಾನವೂ ಉಂಟು. ಅನುಕ್ರಮವನ್ನು ಮೊದಲು ಸ್ಥಾಪಿಸಿದುದು ಸ್ತರಗಳ ಮೇಲುಕೆಳಗುಗಳಿಂದ. ಅಲ್ಲಿ ಪಳೆಯುಳಿಕೆಯ ಹಂಗಿಲ್ಲ. ಹೀಗೆ ನೂರಾರು ಕಡೆಗಳಲ್ಲಿ ಕಣ್ಣಿನಿಂದ ಕಂಡು ದೃಢಪಡಿಸಿದ ಅನುಕ್ರಮವನ್ನೇ ಆಮೇಲೆ ಹೊಸ ಎಡೆಗೆ ಅನ್ವಯಿಸುತ್ತಾರೆ. ಡಾರ್ವಿನ್ನನ ಗ್ರಂಥವು ಹೊರಬಂದುದು 1859ರಲ್ಲಿ, ಎಂದರೆ ಸ್ಮಿತ್ತನ ಭೂಪಟವಾಗಿ ನಲವತ್ತನಾಲ್ಕು ವರ್ಷಗಳ ತರುವಾಯ. ಆದುದರಿಂದ ಈ ಕ್ರಮವು ವಿಕಾಸವಾದವನ್ನು ನೆಚ್ಚಿ ಹುಟ್ಟಿದುದಲ್ಲ. ಜೀವಿಗಳು ಏಕೆ ಬದಲಾದವೆಂಬುದನ್ನು ಅರಿಯದೆಯೇ ಅವು ಬದಲಾದುವೆಂಬುದನ್ನು ಸ್ಮಿತ್ತನು ಕಂಡಿದ್ದನು.

ಎಲ್ಲ ಪಳೆಯುಳಿಕೆಗಳೂ ಈ ಕೆಲಸಕ್ಕೆ ಒದಗುವುದಿಲ್ಲ. ಅಲ್ಪಕಾಲ ಬಾಳಿ ಅಳಿದಿರಬೇಕು, ವಿಶಾಲವಾದ ಪ್ರದೇಶದಲ್ಲಿ ಹರಡಿರಬೇಕು, ಹೇರಳವಾಗಿ ಸಿಕ್ಕಬೇಕು, ಇನ್ನೊಂದರೊಡನೆ ಬೆರಕೆಯಾಗದಂತೆ ಗುರುತು ಹಿಡಿಯಲು ಬರಬೇಕು. ಇಂತಹವನ್ನು ಸೂಚಕ ಪಳೆಯುಳಿಕೆಗಳೆನ್ನುವರು. ಅವುಗಳಲ್ಲಿ ಅಮೋನೈಟ್ ಎಂಬ ಕಡಲಪ್ರಾಣಿಯ ಸುರುಳಿಚಿಪ್ಪು ಅಗ್ರಗಣ್ಯ. ಇದು ನಮಗೆ ಅಪರಿಚಿತವಾದುದಲ್ಲ. ನಮ್ಮ ನಾಡಿನ ಹಲವು ಮನೆಗಳ ದೇವರ ಪೀಠದಲ್ಲಿ ತಲೆತಲಾಂತರದಿಂದ ಪೂಜೆಗೊಳ್ಳುತ್ತಿರುವ ಸಾಲಿಗ್ರಾಮದೊಳಗಿನ ಚಕ್ರವು ಅಮೋನೈಟಿನ ಸುರುಳಿಯೇ. ನೇಪಾಳದ ಗಂಡಕೀ ನದಿಯು ಹಿಮಾಲಯದ ಜುರಾಸಿಕ್ ಕಾಲದ ಕಪ್ಪು ಸ್ತರಗಳನ್ನು ಕೊರೆದು ಅವನ್ನು ತೇಲಿಸಿ ತರುತ್ತದೆ. ಇಂದು ಅಷ್ಟು ಎತ್ತರದಲ್ಲಿರುವ ಆ ನೆಲವು ಒಂದು ಕಾಲದಲ್ಲಿ ಕಡಲತಳವಾಗಿತ್ತೆಂಬುದಕ್ಕೆ ಅದು ಸಾಕ್ಷಿ. ಅಮೋನೈಟುಗಳು ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಕ್ರಿಟೇಷಿಯಸ್ ಕಾಲದ ಕೊನೆಯಲ್ಲಿ, ವಂಶಸಹಿತ ಅಳಿದುಹೋದುವು. ನಮ್ಮ ಕಾವೇರಿಯು ಕಡಲಿಗಿಳಿಯುವ ಸೀಮೆಯ ತಿರುಚಿರಾಪಳ್ಳಿ, ಅರಿಯಲೂರು ಪ್ರದೇಶದಲ್ಲಿ ಕ್ರಿಟೇಷಿಯಸ್ ಕಾಲದ ಕಡಲಸ್ತರಗಳು ಅಮೋನೈಟುಗಳಿಂದ ತುಂಬಿವೆ. ಎಚ್.ಎಫ್. ಬ್ಲಾನ್‌ಫರ್ಡ್ ಅವರು ಆ ಸ್ತರಗಳನ್ನು ವಿಂಗಡಿಸಿದರು. 1860ರ ದಶಕದಿಂದ ಮೊದಲುಮಾಡಿ ಸ್ಟೊಲಿಜ್ಕ ಅವರು ಅಲ್ಲಿಯ ಚಿಪ್ಪುಗಳನ್ನು ಸಂಪುಟಗಟ್ಟಲೆ ವರ್ಣಿಸಿ ಯೂರೋಪಿನ ಸ್ತರಗಳೊಡನೆ ಸರಿಹೊಂದಿಸಲು ದಾರಿ ಮಾಡಿಕೊಟ್ಟರು.

ಆದರೆ ಅದೇ ಸಾಲಿಗ್ರಾಮವು ಗಂಡಕಿಯ ಮರಳಿನಲ್ಲಿ ಬಿದ್ದಿರುವಾಗ ಆ ಮರಳಿನ ಕಾಲವನ್ನು ಹೇಳುವುದಿಲ್ಲ. ಮರಳು ಇಂದಿನದು, ಚಿಪ್ಪು ಹದಿನಾಲ್ಕು ಹದಿನೈದು ಕೋಟಿ ವರ್ಷದ್ದು. ಹಳೆಯ ಸ್ತರದಿಂದ ಕಳಚಿ ಹೊಸ ಸ್ತರವನ್ನು ಸೇರಿದ ಪಳೆಯುಳಿಕೆಯು ಭೂವಿಜ್ಞಾನಿಯನ್ನು ದಾರಿತಪ್ಪಿಸುತ್ತದೆ. ಹೊಸ ಶಬ್ದದಲ್ಲಿ ಸೇರಿಕೊಂಡ ಹಳೆಯ ಪಕಾರವೆಂದು ಮೊದಲು ಹೇಳಿದುದು ಈ ಬಗೆಯ ಮೋಸವನ್ನೇ. ವಚನಗಳ ವಿಷಯದಲ್ಲಿಯೂ ಈ ತೊಡಕುಂಟು. ರಚನೆಯು ಹನ್ನೆರಡನೆಯ ಶತಮಾನದ್ದು. ನಮಗೆ ದೊರೆತಿರುವ ಓಲೆಪ್ರತಿಗಳು ಬಹುಮಟ್ಟಿಗೆ ಹದಿನೈದನೆಯ ಶತಮಾನದಿಂದೀಚಿನವು. ಓಲೆಯ ಕಾಲವನ್ನು ವಚನದ ಕಾಲವೆನ್ನುವಂತಿಲ್ಲ, ಪ್ರತಿಕಾರನ ಭಾಷೆಯನ್ನು ಶರಣರ ಭಾಷೆಯೆನ್ನುವಂತಿಲ್ಲ. ಈ ಪ್ರಸಂಗದಲ್ಲಿ ಉಪಾಧ್ಯಾಯರಿಗೊಂದು ವಿಜ್ಞಾಪನೆ. ನಮ್ಮ ಪಾಠಶಾಲೆಗಳ ಗಾಜಿನ ಕಪಾಟುಗಳಲ್ಲಿ 'ಪಳೆಯುಳಿಕೆ' ಎಂದಷ್ಟೇ ಚೀಟಿ ಅಂಟಿಸಿದ ಕಲ್ಲುಗಳಿರುತ್ತವೆ. ಎಲ್ಲಿ, ಯಾವ ಪದರದಲ್ಲಿ, ಅದರ ಮೇಲೆ ಏನು ಕೆಳಗೆ ಏನು ಇದ್ದಾಗ ಸಿಕ್ಕಿತೆಂಬುದನ್ನು ಬರೆದಿಡದಿದ್ದರೆ ಅದು ದಾರಿಯಲ್ಲಿ ಬಿದ್ದು ಸಿಕ್ಕಿದ ಓಲೆಗರಿಯ ತುಂಡಿನಂತೆ ಆಗುತ್ತದೆ. ಅಂತೆಯೇ ಕಲ್ಲುಚಪ್ಪಡಿಗಳ ಮೇಲೆ ಜರೀಗಿಡದ ಎಲೆಯಂತೆ ಹರಡಿರುವ ಕಪ್ಪು ಚಿತ್ತಾರಗಳು ಎಷ್ಟೋ ವೇಳೆ ಬಿರುಕುಗಳಲ್ಲಿ ಮ್ಯಾಂಗನೀಸ್ ಇಳಿದು ಆದ ಕಲೆಗಳು. ಅವನ್ನು ಎಲೆಯ ಅಚ್ಚೆಂದು ಮಕ್ಕಳಿಗೆ ತೋರಿಸಬಾರದು.

ಚಪ್ಪಡಿಯೆಂದೊಡನೆ ಶಹಾಬಾದಿನ ಕಲ್ಲು ನೆನಪಿಗೆ ಬರುತ್ತದೆ. ಕಲಬುರಗಿ ಸೀಮೆಯ ಆ ಸುಣ್ಣಕಲ್ಲನ್ನು ಎಷ್ಟೋ ಮನೆಗಳ, ಮಠಗಳ, ಶಾಲೆಗಳ ನೆಲಕ್ಕೆ ಹಾಸಿದ್ದಾರೆ. ಕಡಲತಳದ ಸುಣ್ಣದ ಕೆಸರಿನಿಂದಾದ, ಕದಡದೆ ತೆಳುವಾಗಿ ಪದರಗಟ್ಟಿದ ಕಲ್ಲು. ಇಂತಹ ಕಲ್ಲಿನಲ್ಲಿ ಚಿಪ್ಪುಗಳು ತುಂಬಿರಬೇಕಾಗಿತ್ತು. ಆದರೆ ಒಂದೂ ಕಾಣದು. ಚಿಪ್ಪು ಕವಚಗಳುಳ್ಳ ಪ್ರಾಣಿಗಳು ಹೇರಳವಾಗಿ ತಲೆದೋರಿದುದು ಸುಮಾರು 54 ಕೋಟಿ ವರ್ಷಗಳಿಂದೀಚೆಗೆ. ಭೀಮಾ ಸಮೂಹದ ಈ ಕಲ್ಲು ಅದಕ್ಕೂ ಹಿಂದಿನದೆಂದು ಹೇಳುವುದಕ್ಕೆ ಈ ಅಭಾವವೂ ಒಂದು ಆಧಾರ. ಅನುಪಲಬ್ಧಿಯನ್ನು ಪ್ರಮಾಣವೆಂದು ಒಪ್ಪುವ ದರ್ಶನಕಾರರು ನಮ್ಮಲ್ಲಿದ್ದರು, ಒಪ್ಪದವರೂ ಇದ್ದರು. ಭೂವಿಜ್ಞಾನಿಯು ಅದನ್ನು ಒಪ್ಪುವನಾದರೂ ಬೇರೆ ಪ್ರಮಾಣಗಳ ಜೊತೆಯಲ್ಲಿಟ್ಟು ಎಚ್ಚರಿಕೆಯಿಂದ ಬಳಸುವನು.

ಇನ್ನು ನಮ್ಮ ನಾಡಿಗೆ ಸಂಬಂಧಿಸಿದ ದೊಡ್ಡ ವಿವಾದವೊಂದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ ಜಿಲ್ಲೆಗಳ ಬಹುಭಾಗವನ್ನು ಕಪ್ಪು ಅಗ್ನಿಶಿಲೆಯು ಆವರಿಸಿದೆ. ಬಸವಣ್ಣನವರು ಜನಿಸಿದ ಬಸವನ ಬಾಗೇವಾಡಿಯ ನೆಲ ಇದರದೇ. ಗೋಳಗುಮ್ಮಟವನ್ನು ಕಟ್ಟಿದುದು ಇದರಿಂದಲೇ. ಜೋಳ ಹತ್ತಿಗಳನ್ನು ಬೆಳೆಯುವ ಆ ಕಡೆಯ ಎರೆಭೂಮಿಯು ಹೆಚ್ಚಾಗಿ ಈ ಕಲ್ಲು ಕರಗಿ ಆದ ಮಣ್ಣು. ಮಹಾರಾಷ್ಟ್ರ, ಗುಜರಾತ್, ಮಧ್ಯಪ್ರದೇಶಗಳವರೆಗೆ ಸುಮಾರು 5 ಲಕ್ಷ ಚದರ ಕಿಲೋಮೀಟರ್ ಹಬ್ಬಿರುವ ಈ ಶಿಲೆಗೆ ದಖನ್ ಟ್ರ್ಯಾಪ್ ಎಂದು ಹೆಸರು. ಬೆಟ್ಟಗಳು ಮೆಟ್ಟಿಲು ಮೆಟ್ಟಿಲಾಗಿ ಕಾಣುವುದರಿಂದ ಮೆಟ್ಟಿಲೆಂಬ ಅರ್ಥದ ಸ್ವೀಡನ್ನಿನ ಶಬ್ದವು ಹಾಗೆ ಇಲ್ಲಿಯವರೆಗೆ ಬಂದಿದೆ. ಭೂಮಿಯ ಬಿರುಕುಗಳಿಂದ ಲಾವಾರಸವು ಉಕ್ಕಿ ಹೊನಲು ಹೊನಲಾಗಿ ಹರಿದು, ಒಂದರ ಮೇಲೊಂದು ಆರಿ, ಈ ಶಿಲೆಯಾಯಿತು. ಬೆಳಗಾವಿ ಸೀಮೆಯಲ್ಲಿ ಇದು ಕಲಾದಗಿ ಶಿಲೆಗಳ ಮೇಲೆ ನೇರವಾಗಿ ಕುಳಿತಿದೆ. ಇವೆರಡರ ನಡುವೆ ನಲವತ್ತು ಕೋಟಿಗೂ ಮಿಕ್ಕ ವರ್ಷಗಳ ಪುಟಗಳೇ ಇಲ್ಲ. ನಡುವಣ ಗರಿಗಳು ಕಳೆದುಹೋದ ಓಲೆಕಟ್ಟಿನಂತೆ. ಆದುದರಿಂದ ಟ್ರ್ಯಾಪಿನ ವಯಸ್ಸನ್ನು ಕೆಳಗಿನ ಕಲ್ಲಿನಿಂದ ತಿಳಿಯುವಂತಿರಲಿಲ್ಲ.

ಲಾವಾರಸದಲ್ಲಿ ಯಾವ ಜೀವಿಯೂ ಉಳಿಯದಷ್ಟೆ. ಆದರೆ ಹೊನಲುಗಳು ಎಡೆಬಿಡದೆ ಹರಿಯಲಿಲ್ಲ. ಒಂದು ಹೊನಲು ಆರಿ ಮುಂದಿನದು ಬರುವುದರೊಳಗೆ ಸಾವಿರಾರು ವರ್ಷಗಳ ಬಿಡುವು ದೊರೆತ ಕಡೆಗಳಲ್ಲಿ ಮಳೆಯ ನೀರು ನಿಂತು ಕೆರೆಗಳಾದುವು, ಗಿಡಮರಗಳು ಬೆಳೆದುವು, ಕಪ್ಪೆ, ಮೀನು, ಬಸವನಹುಳುಗಳು ಮನೆಮಾಡಿದುವು. ಮುಂದಿನ ಹೊನಲು ಬಂದು ಅವನ್ನೆಲ್ಲ ಮುಚ್ಚಿತು. ಹೀಗೆ ಎರಡು ಕಪ್ಪು ಶಿಲೆಗಳ ನಡುವೆ ಸಿಕ್ಕಿಕೊಂಡ ತೆಳುವಾದ ಕೆಸರುಗಲ್ಲಿನ ಪದರಗಳನ್ನು ಟ್ರ್ಯಾಪುಗಳ ನಡುವಣ ಸ್ತರಗಳೆನ್ನುವರು. ಇಂದಿನ ಯಾದಗಿರಿ ಜಿಲ್ಲೆಯ ಗುರುಮಠಕಲ್ಲಿನ ಬಳಿ ಇಂತಹ ಸ್ತರವುಂಟು. ಕಾರ ಎಂಬ ನೀರುಸಸ್ಯದ ಸೂಕ್ಷ್ಮ ಕಾಯಿಗಳು ಅಲ್ಲಿ ದೊರೆತಿವೆ. ಇಡೀ ದಖನ್ನಿನ ಕಪ್ಪು ಶಿಲೆಯ ಕಾಲವನ್ನು ಈ ಕೆಲವೇ ಅಡಿಗಳ ದಪ್ಪದ ಪದರಗಳಿಂದ ಓದಬೇಕಾಯಿತು.

ನಾಗಪುರದಲ್ಲಿದ್ದ ಹಿಸ್ಲಪ್ ಮತ್ತು ಹಂಟರ್ ಎಂಬ ಇಬ್ಬರು ಮಿಷನರಿಗಳು ಅಲ್ಲಿಯ ಸ್ತರಗಳಿಂದ ಚಿಪ್ಪು, ಕಾಯಿ, ಎಲೆಗಳನ್ನು ಶ್ರದ್ಧೆಯಿಂದ ಸಂಗ್ರಹಿಸಿ 1855ರಲ್ಲಿ ಪ್ರಬಂಧವನ್ನು ಪ್ರಕಟಿಸಿದರು. ಹಿಸ್ಲಪ್ಪರು ಆ ಸ್ತರಗಳನ್ನು ಟರ್ಷಿಯರಿ ಕಾಲದ್ದೆಂದು, ಅಂದರೆ ಸರೀಸೃಪಗಳ ಯುಗವು ಮುಗಿದು ಸ್ತನಿಗಳ ಯುಗವು ಮೊದಲಾದ ತರುವಾಯದ್ದೆಂದು, ಬಗೆದರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಡಬ್ಲ್ಯು.ಟಿ. ಬ್ಲಾನ್‌ಫರ್ಡ್ ಅವರು ಇದನ್ನು ಒಪ್ಪದೆ ಕ್ರಿಟೇಷಿಯಸ್ಸಿನ ಪಕ್ಷವನ್ನು ಹಿಡಿದರು. ಟ್ರ್ಯಾಪಿನ ಕೆಳಗಿರುವ ಲಮೇಟ ಸ್ತರಗಳಲ್ಲಿ, ಜಬಲ್‌ಪುರದ ಬಳಿ, 1828ರಲ್ಲಿ ಸ್ಲೀಮನ್ನರಿಗೆ ದೊರೆತ ದೊಡ್ಡ ಮೂಳೆಗಳು ಡೈನೊಸಾರಿನವೆಂದು ತಿಳಿದು, 1877ರಲ್ಲಿ ಲಿಡೆಕರ್ ಅವರು ಆ ಪ್ರಾಣಿಗೆ ಟೈಟನೊಸಾರಸ್ ಎಂದು ಹೆಸರಿಟ್ಟರು. ಡೈನೊಸಾರುಗಳ ಸ್ತರದ ಮೇಲೆ ಟ್ರ್ಯಾಪ್ ಇರುವುದು ದಿಟ; ಆದರೆ ಎಷ್ಟು ಕಾಲದ ಮೇಲೆ?

1934ರಲ್ಲಿ ಲಖನೌದ ಬೀರಬಲ್ ಸಾಹನಿಯವರು ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಇದೇ ಪ್ರಶ್ನೆಯನ್ನು ಮತ್ತೆ ಎತ್ತಿದರು. ಅವರು ಸಸ್ಯಶಾಸ್ತ್ರಜ್ಞರು. ಆ ಸ್ತರಗಳಲ್ಲಿ ತಾಳೆಯ ಜಾತಿಯ ಮರಗಳ ಅವಶೇಷಗಳು ವಿಪುಲವಾಗಿದ್ದುವು. ಅಜೋಲ ಎಂಬ ನೀರಜರಿಯೂ ಸಿಕ್ಕಿತ್ತು. ಇಂದು ನಮ್ಮ ರೈತರು ಗದ್ದೆಗೆ ಗೊಬ್ಬರವಾಗಿಯೂ ಹಸುಗಳಿಗೆ ಮೇವಾಗಿಯೂ ಬೆಳೆಸುವ ಅಜೋಲದ ಪೂರ್ವಜವೇ ಅದು. ಟರ್ಷಿಯರಿಗೆ ಹಿಂದೆ ಅಜೋಲವು ಎಲ್ಲಿಯೂ ಕಂಡುಬಂದಿಲ್ಲವಾದುದರಿಂದ ಟ್ರ್ಯಾಪುಗಳು ಟರ್ಷಿಯರಿಯವೇ ಎಂದು ಸಾಹನಿಯವರು ವಾದಿಸಿದರು. ಅಂದಿನ ತಿಳಿವಳಿಕೆಗೆ ಆ ವಾದವು ಬಲವಾದುದೇ. ಆದರೆ ಮುಂದೆ ಬೇರೆ ದೇಶಗಳ ಕ್ರಿಟೇಷಿಯಸ್ ಸ್ತರಗಳಲ್ಲಿಯೂ ಅಜೋಲವು ದೊರೆಯಿತು. ಒಂದು ಪ್ರಯೋಗವು ಇಂತಹ ಕವಿಗಿಂತ ಹಿಂದೆ ಇಲ್ಲವೆಂದು ನಾವು ಬರೆದಿಟ್ಟ ಮೇಲೆ ಇನ್ನೂ ಹಳೆಯ ಶಾಸನವೊಂದರಲ್ಲಿ ಅದು ಕಾಣಿಸಿಕೊಳ್ಳುವುದಿಲ್ಲವೆ? ಹಾಗೆ.

ಕೆರೆಯ ಜೀವಿಗಳಿಂದ ಈ ವಿವಾದವು ತೀರುವಂತಿರಲಿಲ್ಲ. ಒಂದು ಕೆರೆಯ ಹುಳು ಇನ್ನೊಂದು ದೇಶದ ಕೆರೆಗೆ ಹೋಗದು. ಕಡಲಿನ ಜೀವಿಯಾದರೆ ಪ್ರಪಂಚವನ್ನೆಲ್ಲ ಸುತ್ತುತ್ತದೆ. ಟ್ರ್ಯಾಪ್ ಕಡಲನ್ನು ಮುಟ್ಟಿದ ಎಡೆ ಬೇಕಾಗಿತ್ತು. ಅಂತಹ ಎಡೆಯು ಆಂಧ್ರದ ರಾಜಮಹೇಂದ್ರವರದ ಬಳಿ, ಗೋದಾವರಿಯ ಎರಡು ದಡಗಳಲ್ಲಿ ಉಂಟು. ಅಲ್ಲಿ ಕೆಳಗೊಂದು ಮೇಲೊಂದು ಟ್ರ್ಯಾಪಿನ ನಡುವೆ ಕಡಲಂಚಿನಲ್ಲಾದ ಸುಣ್ಣಕಲ್ಲಿನ ಪದರವಿದೆ. ಇದನ್ನು ಸೂಕ್ಷ್ಮದರ್ಶಕದಡಿಯಲ್ಲಿ ಪರಿಶೀಲಿಸಿದವರು ನಮ್ಮ ಬೆಂಗಳೂರಿನವರೆಂಬುದು ಹೆಮ್ಮೆಯ ಸಂಗತಿ. ಸೆಂಟ್ರಲ್ ಕಾಲೇಜಿನ ಭೂವಿಜ್ಞಾನ ಪ್ರಾಧ್ಯಾಪಕರಾಗಿದ್ದ ಎಲ್. ರಾಮರಾಯರು ಸೂಕ್ಷ್ಮ ಪಳೆಯುಳಿಕೆಗಳ ಅಧ್ಯಯನಕ್ಕೆ ಇಲ್ಲಿ ಭದ್ರವಾದ ತಳಹದಿಯನ್ನು ಹಾಕಿದವರು. ತಿರುಚಿರಾಪಳ್ಳಿಯ ಕ್ರಿಟೇಷಿಯಸ್ಸಿನ ತುದಿಯ ಸ್ತರಗಳಲ್ಲಿಯ ಪಾಚಿಗಳನ್ನು ಕುರಿತು ಆಸ್ಟ್ರಿಯದ ಯೂಲಿಯಸ್ ಪಿಯ ಅವರೊಡನೆ 1936ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಆ ಬಳಗದ ಎಸ್.ಆರ್. ನಾರಾಯಣರಾಯರೂ ಕೆ. ಶ್ರೀಪಾದರಾಯರೂ 1930ರ ದಶಕದಲ್ಲಿ ರಾಜಮಹೇಂದ್ರವರದ ಸುಣ್ಣಕಲ್ಲಿನಿಂದ ಫೊರಾಮಿನಿಫೆರ ಎಂಬ ಅತಿಸೂಕ್ಷ್ಮ ಕಡಲಜೀವಿಗಳ ಚಿಪ್ಪುಗಳನ್ನೂ ಕಾರದ ಕಾಯಿಗಳನ್ನೂ ಬಿಡಿಸಿ ವರ್ಣಿಸಿದರು. ಅವರ ನಿರ್ಣಯವು ಟರ್ಷಿಯರಿಯ ಆರಂಭದ ಕಡೆಗೆ ವಾಲಿತು. 1958ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ಭೂವೈಜ್ಞಾನಿಕ ಸಂಘವು ಸ್ಥಾಪಿತವಾದಾಗ ಅದರ ಹಿರಿಯರಲ್ಲಿ ರಾಮರಾಯರೂ ಒಬ್ಬರಾಗಿದ್ದರು.

ಮರಳಿನ ಕಣಕ್ಕಿಂತ ಕಿರಿದಾದ ಈ ಚಿಪ್ಪುಗಳು ಹೇಗೆ ಕಾಲವನ್ನು ಹೇಳುತ್ತವೆ? ಫೊರಾಮಿನಿಫೆರಗಳಲ್ಲಿ ಕಡಲಮೇಲ್ಮೈಯಲ್ಲಿ ತೇಲುವ ಜಾತಿಯವು ಕೆಲವು. ಕ್ರಿಟೇಷಿಯಸ್ಸಿನ ಕೊನೆಯವರೆಗೆ ಅವು ದೊಡ್ಡ ಗಾತ್ರದವಾಗಿ, ಬಗೆಬಗೆಯ ಅಲಂಕಾರವುಳ್ಳವಾಗಿ ಇದ್ದುವು. ಆ ಕಾಲದ ಕೊನೆಯಲ್ಲಿ ಡೈನೊಸಾರುಗಳೂ ಅಮೋನೈಟುಗಳೂ ಅಳಿದಾಗ ಇವುಗಳಲ್ಲಿಯೂ ಬಹುಪಾಲು ನಾಶವಾದುವು. ಅದರ ಮೇಲಿನ ಸ್ತರದಲ್ಲಿ ಕಾಣುವುವು ಅತಿ ಕಿರಿಯ ಗಾತ್ರದ, ಸರಳವಾದ, ಬೇರೆಯೇ ಜಾತಿಗಳು. ಎಂಟು ಹತ್ತು ಸಾವಿರ ಕಿಲೋಮೀಟರ್ ದೂರದ ಕಡಲುಗಳಲ್ಲಿಯೂ ಈ ಮಾರ್ಪಾಡು ಒಂದೇ ಬಗೆಯಾಗಿ ಕಾಣುತ್ತದೆ. 2008ರಲ್ಲಿ ಗೆರ್ಟ ಕೆಲರ್ ಮತ್ತು ಸಂಗಡಿಗರು, ಅವರಲ್ಲಿ ನಮ್ಮ ದೇಶದ ಸುನಿಲ್ ಬಾಜಪೇಯಿಯವರೂ ಒಬ್ಬರು, ರಾಜಮಹೇಂದ್ರವರದ ಕಲ್ಲುಗಣಿಗಳಲ್ಲಿ ಕೆಳಗಿನ ಟ್ರ್ಯಾಪಿನ ಮೇಲಣ ಪದರದಲ್ಲಿ ಆ ಹೊಸ ಕಿರುಜಾತಿಗಳನ್ನು, ಅಂದರೆ ಡೇನಿಯನ್ ಎಂಬ ಟರ್ಷಿಯರಿಯ ಮೊಟ್ಟಮೊದಲ ಘಟ್ಟದ ಗುರುತುಗಳನ್ನು, ಕಂಡುಹಿಡಿದರು. ಎಂದ ಮೇಲೆ ಕೆಳಗಿನ ಟ್ರ್ಯಾಪ್ ಕ್ರಿಟೇಷಿಯಸ್ಸಿನ ತುದಿಗೆ ಸೇರಿತು, ಮೇಲಿನದು ಟರ್ಷಿಯರಿಗೆ ಸೇರಿತು. 1930ರ ದಶಕದಲ್ಲಿ ಸೆಂಟ್ರಲ್ ಕಾಲೇಜಿನವರು ಕೈಯಿಟ್ಟಿದ್ದ ಪದರವು ಎರಡು ಯುಗಗಳ ಸಂಧಿಯ ಅಂಚಿನಲ್ಲಿಯೇ ಇತ್ತು. ಇಷ್ಟು ಕಾಲ ವಾದಿಸಿದ ಎರಡು ಪಕ್ಷಗಳೂ ಅರ್ಧ ಅರ್ಧ ಸತ್ಯವನ್ನು ಹಿಡಿದಿದ್ದುವು.

ಇಲ್ಲಿಯವರೆಗೆ ಹೇಳಿದುದು ಹಿಂದು ಮುಂದುಗಳ ಮಾತು. ಪಳೆಯುಳಿಕೆಯು ಅನುಕ್ರಮವನ್ನು ಹೇಳುತ್ತದೆಯೇ ಹೊರತು ವರ್ಷಗಳ ಎಣಿಕೆಯನ್ನು ಹೇಳುವುದಿಲ್ಲ. ಪಂಪನು ರನ್ನನಿಗಿಂತ ಹಿಂದಿನವನೆಂದು ತಿಳಿದರೂ ಎಷ್ಟು ವರ್ಷ ಹಿಂದಿನವನೆಂಬುದಕ್ಕೆ ಬೇರೆ ಸಾಧನವು ಬೇಕಷ್ಟೆ. ಪುಸ್ತಕಗಳಲ್ಲಿ '6.6 ಕೋಟಿ ವರ್ಷ' ಎಂದು ಬರೆದಿರುವುದು ಬರುವುದು ವಿಕಿರಣಶೀಲ ಧಾತುಗಳಿಂದ. ಯುರೇನಿಯಂ ತನ್ನಷ್ಟಕ್ಕೆ ತಾನೇ ಕ್ಷಯಿಸುತ್ತ ಸೀಸವಾಗುತ್ತದೆ. ಅದರ ಮುಖ್ಯ ಬಗೆಯ ಅರ್ಧಭಾಗವು ಹಾಗೆ ಮಾರ್ಪಡಲು ಸುಮಾರು 447 ಕೋಟಿ ವರ್ಷಗಳು ಬೇಕು. ಜ್ವಾಲಾಮುಖಿಯ ಬೂದಿಯಲ್ಲಿರುವ ಜಿರ್ಕಾನ್ ಹರಳುಗಳಲ್ಲಿ ಇವೆರಡರ ಪ್ರಮಾಣವನ್ನು ಅಳೆದರೆ ಹರಳು ಹುಟ್ಟಿ ಎಷ್ಟು ಕಾಲವಾಯಿತೆಂದು ಗಣಿತದಿಂದ ತಿಳಿಯುತ್ತದೆ. ದಖನ್ನಿನ ಹೊನಲುಗಳ ನಡುವೆ ಸಿಕ್ಕಿದ ಇಂತಹ ಹರಳುಗಳನ್ನು ಬ್ಲೇರ್ ಶೋನ್ ಮತ್ತು ಸಂಗಡಿಗರು 2015ರಲ್ಲಿಯೂ 2019ರಲ್ಲಿಯೂ ಅಳೆದು ಪ್ರಕಟಿಸಿದ ಫಲಿತಾಂಶದಂತೆ, ಲಾವಾದ ಬಹುಭಾಗವು ಸುಮಾರು 10 ಲಕ್ಷ ವರ್ಷಗಳ ಅವಧಿಯೊಳಗೆ ಹೊರಬಂದಿತು. ಆ ಅವಧಿಯು 6.6 ಕೋಟಿ ವರ್ಷದ ಗೆರೆಯ ಎರಡು ಬದಿಗೂ ಚಾಚಿದೆ. ಫೊರಾಮಿನಿಫೆರಗಳು ಹೇಳಿದ ಮಾತಿಗೆ ಇದು ಹೊಂದಿಕೊಳ್ಳುತ್ತದೆ. ಬೂದಿಯ ಪದರವು ಎಲ್ಲೆಲ್ಲಿಯೂ ದೊರೆಯದು. ಅದು ದೊರೆಯದ ಕಡೆ ಈಗಲೂ ಚಿಪ್ಪುಗಳೇ ಗತಿ. ಮಂಗಲೇಶನ ಶಾಸನದಲ್ಲಿ ಶಕವರ್ಷವಿದ್ದ ಮಾತ್ರಕ್ಕೆ ಲಿಪಿತಜ್ಞನ ಕೆಲಸವು ಮುಗಿದುಹೋಗಲಿಲ್ಲವಷ್ಟೆ.

ತೀರ ಈಚಿನ ಸ್ತರಗಳ ಮಾತೊಂದು ಉಳಿಯಿತು. ಗೋಕಾಕದ ಸಮೀಪ ಘಟಪ್ರಭೆಯ ಕಣಿವೆಯ ಮಣ್ಣಿನಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅವರಿಗೆ ಖಡ್ಗಮೃಗದ ಅವಶೇಷಗಳು ದೊರೆತುವು. 1874ರಲ್ಲಿ ಅವರು ಅದನ್ನು ದಖನ್ನಿನ ಖಡ್ಗಮೃಗವೆಂಬ ಹೊಸ ಜಾತಿಯಾಗಿ ವರ್ಣಿಸಿದರು. ಇಂದು ಅಸ್ಸಾಮಿನ ಕಡೆಗೆ ಹೋಗಿ ನೋಡಬೇಕಾದ ಪ್ರಾಣಿಯ ಬಂಧುವೊಂದು ಒಂದು ಕಾಲದಲ್ಲಿ ಬೆಳಗಾವಿ ಸೀಮೆಯಲ್ಲಿ ಮೇಯುತ್ತಿತ್ತು. ಇಂತಹ ಮಣ್ಣಿನಲ್ಲಿ ಯುರೇನಿಯಂ ಸೀಸದ ಲೆಕ್ಕವು ನಡೆಯದು. ಕಾಲವು ಅದಕ್ಕೆ ತೀರ ಅಲ್ಪ. ಯಾದಗಿರಿ ಜಿಲ್ಲೆಯ ಹುಣಸಗಿ–ಬೈಚಬಾಳ ಕಣಿವೆಯಲ್ಲಿ ಕೆ. ಪದ್ದಯ್ಯನವರು ಹಲವು ವರ್ಷ ದುಡಿದು ಆದಿಮಾನವನ ಕಲ್ಲಿನ ಆಯುಧಗಳ ನೆಲೆಗಳನ್ನು ಶೋಧಿಸಿದರು. ಅಲ್ಲಿಯ ಇಸಾಂಪುರದಲ್ಲಿ ಆಯುಧಗಳ ಜೊತೆಯಲ್ಲಿಯೇ ಹುಲ್ಲು ಮೇಯುವ ಪ್ರಾಣಿಗಳ ಹಲ್ಲುಗಳೂ ಸಿಕ್ಕಿದುವು. ಹಲ್ಲಿನ ಹೊಳಪುಪದರವು ಸುತ್ತಲಿನ ಮಣ್ಣಿನ ವಿಕಿರಣವನ್ನು ವರ್ಷವರ್ಷವೂ ತನ್ನೊಳಗೆ ಕೂಡಿಟ್ಟುಕೊಳ್ಳುತ್ತದೆ. ಕೂಡಿದ ಮೊತ್ತವನ್ನು ಅಳೆದು, ವರ್ಷಕ್ಕೆ ಎಷ್ಟು ಸೇರುತ್ತದೆಂಬುದರಿಂದ ಭಾಗಿಸಿದರೆ ಅದು ಹೂತುಹೋದ ಕಾಲವು ತಿಳಿಯುತ್ತದೆ. ಎಲೆಕ್ಟ್ರಾನ್ ಸ್ಪಿನ್ ರೆಸೊನೆನ್ಸ್ ಎಂಬ ಈ ವಿಧಾನದಿಂದ ಮಾಡಿದ, 2002ರಲ್ಲಿ ಪ್ರಕಟವಾದ, ಗಣನೆಯ ಪ್ರಕಾರ ಆ ಹಲ್ಲುಗಳಿಗೂ ಅವುಗಳ ಬದಿಯಲ್ಲಿ ಬಿದ್ದಿದ್ದ ಕಲ್ಲಿನ ಕೈಕೊಡಲಿಗಳಿಗೂ ಸುಮಾರು 12 ಲಕ್ಷ ವರ್ಷ.